ಅಬರ್ಡೀನ್‌ಗೆ ಹೊಂಟೀನಿ, ಅಲ್ಲಿ ಕಾಯಕ್ ಮ್ಯಾಲ ಕೂತು ಗಾಳ ಹಾಕ್ಬೇಕಂತ ಆಸೆ. ಎಲ್ಲಿಂದ ಸುರು ಮಾಡ್ಲಿ?

ಭೀಮಾದಂಡಿ
ಎಲ್ಲರಿಗೂ ಶರಣು. ನಾ ಕಲಬುರಗಿಯಾಂವ. ಸೆಪ್ಟೆಂಬರ್‌ನಾಗ ಎಂಎಸ್ಸಿ ಓದ್ಲಾಕ ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಹೋಗ್ಲತ್ತೀನಿ. ಗಾಳದ ಹುಚ್ಚು ಸಣ್ಣಾಂವ ಇದ್ದಾಗಿಂದ ಅದ, ಬೆಣ್ಣೆತೊರಾ ಹಿನ್ನೀರಿನಾಗ ಮಾಮಾನ ಜೋಡಿ ರೋಹು, ಕಟ್ಲಾ ಹಿಡದೀನಿ. ಅಲ್ಲಿರೋ ಸೀನಿಯರ್ ಒಬ್ಬರು ಊರಿಗಿ ವಾಪಸ್ ಬರ್ಲತ್ತಾರ, ತಮ್ಮ ಸಿಟ್-ಆನ್-ಟಾಪ್ ಕಾಯಕ್ (ಮ್ಯಾಲೇ ಕೂತು ಹುಟ್ಟು ಹಾಕೋ ಸಣ್ಣ ದೋಣಿ) ಅಗ್ಗದಾಗ ಕೊಡ್ತೀನಿ ಅಂದಾರ. ಹುಟ್ಟು, ಸೀಟು, ಗಾಳದ ಕೋಲು ನಿಲ್ಲಿಸೋ ಹೋಲ್ಡರ್ ಎಲ್ಲಾ ಅದರಾಗೇ ಬರ್ತಾವಂತ. ಈಜು ಬರ್ತದ. ಕಾಯಕ್ ಹತ್ತಿಲ್ಲ, ಸಮುದ್ರದಾಗ ಇಳದಿಲ್ಲ. ಯಾವ ಮೀನಿಗಿ ಯಾವ ಗಾಳ, ದಂಡಿಯಿಂದ ಎಷ್ಟು ದೂರ ಹೋಗ್ಬೇಕು, ತಿಳಿದವ್ರು ಹೇಳ್ರಿ.

ಸುರಪುರ ಹುಡುಗ
ಈಜು ಬರ್ತದಂದ್ರ ಮುಗೀತಲ್ಲೋ. ಕೃಷ್ಣಾದಾಗ ಮಳಿಗಾಲದ ಸೆಳವಿನಾಗ ದಾಟಿದವ್ರಿಗಿ ಅಲ್ಲಿ ಏನು ಹೆದರಿಕಿ? ಒಂದು ದಪ್ಪ ಸ್ವೆಟರ್ ಹಾಕ್ಕೊಂಡು ಹೋಗು. ಮೀನಿನ ಫೋಟೋ ಹಾಕೋದು ಮರೀಬ್ಯಾಡ.

ಬೀದರಿಂದ ಅಬರ್ಡೀನ್
ತಮ್ಮಾ, ನಾ ಬೀದರದಾಂವ, ಭಾಳ ವರ್ಷದಿಂದ ಇಲ್ಲೇ ಇದ್ದೀನಿ, ಬ್ಯಾಸಗಿಯಾಗ ಕಾಯಕ್ ಮ್ಯಾಲ ಗಾಳ ಹಾಕ್ತೀನಿ. ನೀ ಮೀನು ಕೇಳೀದಿ. ನಾ ಮೊದಲ ನೀರಿನ ಮಾತು ಹೇಳ್ತೀನಿ, ಮೀನು ಆಮ್ಯಾಲ.

ಅಬರ್ಡೀನ್ ದಂಡಿಯಾಗ ಸಮುದ್ರದ ನೀರು ಫೆಬ್ರುವರಿ, ಮಾರ್ಚ್‌ನಾಗ ಸುಮಾರು 6-7 ಡಿಗ್ರಿ ಇರ್ತದ. ಆಗಸ್ಟ್, ಸೆಪ್ಟೆಂಬರ್‌ನಾಗ ಏರೇರಿ 13-14ಕ್ಕ ಮುಟ್ತದ. ನೀರು 15 ಡಿಗ್ರಿಗಿಂತ ಕೆಳಗ ಇತ್ತಂದ್ರ ಬಿದ್ದವಗ ತಣ್ಣೀರಿನ ಆಘಾತ ಆಗ್ತದಂತ ಇಲ್ಲಿ ರಕ್ಷಣಾ ದೋಣಿಯವ್ರು ಹೇಳ್ತಾರ. ಲೆಕ್ಕ ಹಾಕಿ ನೋಡು, ವರ್ಷದಾಗ ಒಂದು ವಾರನೂ ಆ ಗೆರಿ ದಾಟೋದು ಕಷ್ಟ. ನಮ್ಮ ಕಾರಂಜಾ ಹಿನ್ನೀರು ಡಿಸೆಂಬರ್ ನಸುಕಿನಾಗ ಕೈ ಇಟ್ಟರ ಜುಮ್ ಅಂತದಲ್ಲ, ಅದು ಇಲ್ಲಿಯ ಆಗಸ್ಟ್ ನೀರಿಗಿಂತ ಬೆಚ್ಚಗ.

ಇನ್ನೊಂದು, ಸಮುದ್ರ ಭಾಳ ನಿಧಾನ ಕಾಯ್ತದ, ನಿಧಾನ ಆರ್ತದ. ಮೇ ತಿಂಗಳದಾಗ ಬಿಸಿಲು ಬಿದ್ದು ಜನ ಬರೀ ಅಂಗಿ ಮ್ಯಾಲ ಓಡಾಡ್ತಿರ್ತಾರ, ನೀರು ಮಾತ್ರ ಇನ್ನಾ ಚಳಿಗಾಲದ್ದೇ ಇರ್ತದ. ಅಕ್ಟೋಬರ್ ನೀರು ಮೇ ನೀರಿಗಿಂತ ಬೆಚ್ಚಗ. ಅದಕ್ಕ ಇಲ್ಲಿ ಗಾಳಿ ನೋಡಿ ಅಲ್ಲ, ನೀರು ನೋಡಿ ಬಟ್ಟಿ ಹಾಕ್ಕೋಬೇಕು. ಸ್ವೆಟರ್ ಹಾಕ್ಕೊಂಡು ಹೋಗು ಅಂದವ್ರು ಮಾತು ವಾಪಸ್ ತಗೋರಿ.

ಸುರಪುರ ಹುಡುಗ
ಅಣ್ಣಾ ನಗಿಚಾಟಿಕಿ ಮಾಡಿದೆ. ಆದ್ರ ಖರೇನೇ ಕೇಳ್ತೀನಿ, ಛಲೋ ಈಜು ಬರೋವ್ರು ಬಿದ್ದರ ದೋಣಿ ಹಿಡ್ಕೊಂಡು ಹತ್ತಬಹುದಲ್ಲ? ಚಳಿ ಹತ್ತಿದ್ರ ಹತ್ತಲಿ, ಅರ್ಧಾ ತಾಸಿನಾಗ ಯಾರ್ ಸಾಯ್ತಾರ?

ಐಸಿಯು ಅಕ್ಕ
ಇದಕ್ಕ ನಾ ಹೇಳ್ತೀನಿ. ಕಲಬುರಗಿಯಾಗ ನರ್ಸ್ ಇದ್ದೀನಿ. ತಣ್ಣೀರಿನ ಕೇಸು ನಮ್ಮ ಕಡಿ ಬರಂಗಿಲ್ಲ, ಬಿಸಿಲು ಬಡಿದವ್ರೇ ಬರ್ತಾರ. ಆದ್ರ ದೇಹದ ನಿಯಮ ಎಲ್ಲಾ ಕಡಿ ಒಂದೇ.

ತಣ್ಣೀರಾಗ ಬಿದ್ದವ್ರು ಮೊದಲ ಚಳಿಗಿ ಸಾಯಂಗಿಲ್ಲ, ಉಸಿರಿಗಿ ಸಾಯ್ತಾರ. ಚರ್ಮಕ್ಕ ಏಕದಂ ಥಂಡಿ ಬಡೀತು ಅಂದ್ರ ಬಾಯಿ ತಾನೇ ತೆರೆದು ದೊಡ್ಡ ಉಸಿರು ಒಳಗ ಎಳ್ಕೋತದ. ಅದು ನಿಮ್ಮ ಕೈಯಾಗಿಲ್ಲ. ಆ ಹೊತ್ತಿಗಿ ಮುಖ ನೀರೊಳಗ ಇದ್ರ ಎಳ್ಕೊಂಡಿದ್ದು ಗಾಳಿ ಅಲ್ಲ, ನೀರು. ಅದರ ಬೆನ್ನಿಗೇ ಏದುಸಿರು ಸುರುವಾಗ್ತದ, ಎದಿ ಬಡಿತ ಏರ್ತದ, ಬಿಪಿ ಏರ್ತದ. ಹೃದಯದ ತೊಂದ್ರಿ ಇದ್ದವ್ರಿಗಿ ಅಲ್ಲೇ ಮುಗೀಬಹುದು. ಒಂದರಿಂದ ಮೂರು ನಿಮಿಷದಾಗ ಈ ಆಟ ಇಳೀತದ, ಅಲ್ಲಿ ತನಕ ತಲಿ ಮ್ಯಾಲ ಇರ್ಬೇಕು.

ಆಮ್ಯಾಲ ಕೈಕಾಲು. ದೇಹ ರಕ್ತ ಎಲ್ಲಾ ಒಳಗ ಎಳ್ಕೊಂಡು ಎದಿ, ತಲಿ ಉಳಿಸ್ಕೋತದ. ಬೆರಳು ಮೊದಲ ಹೋಗ್ತಾವ. ಬಕಲ್ ಕಣ್ಣಿಗಿ ಕಾಣ್ತದ, ಬೆರಳು ಅದರ ಮ್ಯಾಲೇ ಇರ್ತದ, ಒತ್ತಲಾಕ ಬರಂಗಿಲ್ಲ. ಕೃಷ್ಣಾ ದಾಟಿದಾಂವ ಆಗ್ಲಿ, ಚಾಂಪಿಯನ್ ಆಗ್ಲಿ, ತೋಳು ಏಳದಿದ್ರ ಎಂಥಾ ಈಜು? ದೇಹದ ಒಳಗಿನ ಶಾಖ ಇಳಿದು ಎಚ್ಚರ ತಪ್ಪೋದು ಎಲ್ಲಾಕ್ಕಿಂತ ಕಡೀಕ. ಕೆನಡಾದ ಮ್ಯಾನಿಟೋಬಾ ಯೂನಿವರ್ಸಿಟಿಯ ಗೋರ್ಡನ್ ಗೀಸ್‌ಬ್ರೆಕ್ಟ್ ಇದನ್ನ 1-10-1 ಅಂತ ಹೇಳ್ಕೊಡ್ತಾರ: ಉಸಿರು ಹತೋಟಿಗಿ ತರ್ಲಾಕ 1 ನಿಮಿಷ, ಕೈಕಾಲು ಕೆಲಸಕ್ಕ ಬರೋದು 10 ನಿಮಿಷ, ಎಚ್ಚರ ತಪ್ಪಲಾಕ 1 ತಾಸು. ಅಳತಿ ಅಂದಾಜಿಂದು. ನೀರು, ಮೈ, ಬಟ್ಟಿ ಮ್ಯಾಲ ಹೆಚ್ಚುಕಮ್ಮಿ ಆಗ್ತದ. ಆದ್ರ ಸಾಲು ತಪ್ಪಂಗಿಲ್ಲ.

ನೋಡ್ರಿ, ಆ ಕಡೀ 1 ತಾಸು ಸಿಗೋದು ಲೈಫ್ ಜಾಕೆಟ್ ಮೈಮ್ಯಾಲ ಇದ್ದವ್ರಿಗಿ ಮಾತ್ರ. ಇಲ್ಲದವ್ರದು ಮೊದಲನೇ 10 ನಿಮಿಷದಾಗೇ ಮುಗದಿರ್ತದ.

ಸುರಪುರ ಹುಡುಗ
ಸರಿ ಅಕ್ಕಾ. ಸುಮ್ನಾದೆ.

ಭೀಮಾದಂಡಿ
ಅಕ್ಕಾ, ಓದಿ ಕೈ ತಣ್ಣಗಾದವು. ಹಂಗಂದ್ರ ಏನ್ ಹಾಕ್ಕೋಬೇಕು? ವೆಟ್‌ಸೂಟ್, ಡ್ರೈಸೂಟ್ ಅಂತ ಎರಡು ನೋಡ್ದೆ. ಡ್ರೈಸೂಟ್ ರೇಟ್ ನೋಡಿ ಬೋಟೇ ಅಗ್ಗ ಅನ್ನಿಸ್ತು.

ಬೀದರಿಂದ ಅಬರ್ಡೀನ್
ಖರೆ ಅದ. ಸೆಕೆಂಡ್‌ಹ್ಯಾಂಡ್ ಕಾಯಕ್‌ಗಿಂತ ಹೊಸ ಡ್ರೈಸೂಟ್ ತುಟ್ಟಿ. ರೊಕ್ಕ ಹಂಚೋ ಮುಂದ ಮೊದಲ ಮೈಮ್ಯಾಲಿಂದು, ಆಮ್ಯಾಲ ಬೋಟ್, ಕಡೀಕ ಗಾಳದ ರಾಡು-ರೀಲು. ಜನ ಇದನ್ನ ತಿರುವಿ ಮಾಡ್ತಾರ. ಮೀನು ಎಲ್ಲದ ಅಂತ ತೋರಿಸೋ ಫಿಶ್ ಫೈಂಡರ್ ಇರ್ತದ, ಜಾಕೆಟ್ ಇರಂಗಿಲ್ಲ.

ವೆಟ್‌ಸೂಟ್ ಅಂದ್ರ ನಿಯೋಪ್ರೀನ್ ರಬ್ಬರು, ನೀರು ಒಳಗ ಬರ್ತದ, ಆ ತೆಳು ಪದರ ನಿನ್ನ ಮೈಶಾಖಕ್ಕ ಬೆಚ್ಚಗಾಗ್ತದ. ಈಜೋವ್ರಿಗಿ ಛಲೋ. ಆದ್ರ ಗಾಳ ಹಾಕೋದಂದ್ರ ತಾಸುಗಟ್ಟಲೆ ಅಲುಗಾಡದಂಗ ಕೂಡೋದು, ಹಸಿ ರಬ್ಬರಿಗಿ ಗಾಳಿ ಬಡಿದು ನಡುಗು ಹತ್ತತದ. ಡ್ರೈಸೂಟ್‌ನಾಗ ನೀರೇ ಒಳಗ ಬರಂಗಿಲ್ಲ: ಕುತ್ತಿಗಿ, ಮಣಿಕಟ್ಟಿಗಿ ರಬ್ಬರ್ ಪಟ್ಟಿ, ಕಾಲಿಗಿ ಅದರದೇ ಕಾಲುಚೀಲ. ಆದ್ರ ಸೂಟ್ ತಾನಾಗೇ ಬೆಚ್ಚಗ ಇಡಂಗಿಲ್ಲ ತಮ್ಮಾ, ಒಳಗ ಹಾಕ್ಕೊಂಡ ಉಣ್ಣಿ ಅಥವಾ ಫ್ಲೀಸ್ ಇಡ್ತದ. ಹತ್ತಿ ಬಟ್ಟಿ ಒಟ್ಟ ಬ್ಯಾಡ. ಬೆವರಿಗೇ ತೊಯ್ದು ತಣ್ಣಗಾಗ್ತದ.

ಹಾಕ್ಕೊಂಡ ಮ್ಯಾಲ ಜಿಪ್ ಕಡೀ ಹಲ್ಲಿನ ತನಕ ಎಳಿ, ಯಾರಿಗಾದರೂ ತೋರಿಸು. ಆಮ್ಯಾಲ ಕುಕ್ಕರಗಾಲಿನಾಗ ಕೂತು ಮೊಣಕಾಲು ಎದಿಗಿ ಅವುಚಿಕೊಂಡು, ಎರಡು ಬೆರಳಿಂದ ಕುತ್ತಿಗಿ ಪಟ್ಟಿ ಜರಾ ಎಳಿ. ಒಳಗಿನ ಗಾಳಿ ಬುಸ್ ಅಂತ ಗದ್ದದ ಕೆಳಗಿಂದ ಹೊರಬೀಳ್ತದ, ಸೂಟ್ ಮೈಗಿ ಅಂಟ್ತದ. ಇದನ್ನ ಬಿಟ್ಟರ ನೀರಿಗಿ ಬಿದ್ದಾಗ ಉಬ್ಬಿದ ಪುಗ್ಗದಂಗ ತೇಲ್ತೀದಿ, ಗಾಳಿ ಕಾಲಿನ ಕಡಿ ಸೇರಿದ್ರ ಹೊರಳಲಾಕನೂ ಬರಂಗಿಲ್ಲ.

ಜಾಕೆಟ್ ವಿಷಯಕ್ಕ, ಕಾಯಕ್‌ನವ್ರು ಹಾಕೋದು ಫೋಮ್ ತುಂಬಿದ 50 ನ್ಯೂಟನ್‌ದು (ನ್ಯೂಟನ್ ಅಂದ್ರ ತೇಲಿಸೋ ಬಲದ ಅಳತಿ). ಹುಟ್ಟು ಹಾಕ್ಲಾಕ ತೋಳಿಗಿ ಜಾಗ ಇರ್ತದ, ಸೀಟಿನ ಬೆನ್ನಿಗಿ ತಾಗದಂಗ ಹಿಂದ ಮೋಟಾಗಿರೋದೂ ಸಿಗ್ತಾವ. ಅದು ಎಚ್ಚರ ತಪ್ಪಿದವನ ಮುಖ ಮ್ಯಾಲ ತಿರುವಂಗಿಲ್ಲ, ಅದಕ್ಕ 150 ನ್ಯೂಟನ್ ಲೈಫ್ ಜಾಕೆಟ್ ಬೇರೇನೇ ಅದ. ಆದ್ರ ಅದು ಉಬ್ಬಿದ ಮ್ಯಾಲ ಕಾಯಕ್ ಏರೋದು ಕಷ್ಟ, ಅದಕ್ಕ ಭಾಳ ಮಂದಿ 50ರದೇ ಹಾಕ್ತಾರ. ಪಟ್ಟಿ ಬಿಗಿ ಮಾಡಿ ಭುಜದ ಹತ್ತಿರ ಮ್ಯಾಲಕ್ಕ ಎಳದು ನೋಡು, ಕಿವಿ ತನಕ ಏರಿದ್ರ ಸಡ್ಲ ಅದ.

ಅಂಬಿಗರ ಓಣಿ
ಅಫಜಲಪುರ ಕಡಿಯಾಂವ. ನಮ್ಮ ಮನ್ಯಾಗ ಅಜ್ಜನ ಕಾಲದಿಂದ ಹರಗೋಲು, ಬಲಿ. ಇಲ್ಲಿ ಜಾಕೆಟ್ ಯಾರೂ ಹಾಕಂಗಿಲ್ಲ, ಹಾಕ್ಬೇಕು ಅನ್ನೋದು ಬ್ಯಾರೆ ಮಾತು. ನಾ ಕೇಳೋದು ಒಂದೇ: ಈ ಕಾಯಕ್ ಮಗಚಿದ್ರ ತಿರುವಿ ಹತ್ತಲಾಕ ಬರ್ತದೇನು? ಹರಗೋಲು ಮಗಚಿದ್ರ ಹೊಳಿ ನಡುವ ಯಾರಿಂದಲೂ ಆಗಂಗಿಲ್ಲ, ಹಿಡ್ಕೊಂಡು ದಂಡಿ ತನಕ ತೇಲೋದೇ.

ಬೀದರಿಂದ ಅಬರ್ಡೀನ್
ಬರ್ತದ ಅಣ್ಣೋರೆ, ಕಲಿತ್ರ. ಇದೇ ನಾ ಭೀಮಾದಂಡಿಗಿ ಹೇಳ್ಬೇಕಾಗಿದ್ದು. ಸಿಟ್-ಆನ್-ಟಾಪ್‌ನಾಗ ಕಾಲಿಡೋ ಗುಂಡಿಗಿ ತೂತು ಇರ್ತಾವ, ಬಂದ ನೀರು ಅದರಾಗೇ ಇಳಿದು ಹೋಗ್ತದ. ಒಳಗ ಟೊಳ್ಳು, ಮುಚ್ಚಿರ್ತದ, ಅದಕ್ಕ ಮಗಚಿದ್ರೂ ತೇಲ್ತದ. ಹಿಂದಿನ ಸಣ್ಣ ಬಿರಡಿ ಹಾಕೋದು ಮರತ್ರ ಮಾತ್ರ ಟೊಳ್ಳಿನಾಗ ನೀರು ತುಂಬ್ತದ, ನಿಂಗ ಗೊತ್ತೇ ಆಗಂಗಿಲ್ಲ, ಬೋಟ್ ಭಾರಾಗಿ ಅತ್ತಿತ್ತ ಓಲಾಡ್ಲತ್ತಿದಾಗ ಗೊತ್ತಾಗ್ತದ.

ಮಗಚಿದಾಗ ಮೊದಲ ಏನೂ ಮಾಡಬ್ಯಾಡ. ಬೋಟ್ ಹಿಡಿ, ತಲಿ ಹಿಂದಕ್ಕ ಹಾಕು, ಉಸಿರು ಹದಕ್ಕ ಬರಲಿ. ಅಕ್ಕ ಹೇಳಿದ 1 ನಿಮಿಷ ಇದೇ. ಆಮ್ಯಾಲ ಬೋಟಿನ ಅಡಿ ಮ್ಯಾಲಿಂದ ಕೈ ಚಾಚಿ ಆಚಿ ಬದಿ ಹಿಡಿಕಿ ಹಿಡಿದು, ಮೊಣಕಾಲು ಈಚಿ ಅಂಚಿಗಿ ಒತ್ತಿ, ಮೈಭಾರ ಹಿಂದಕ್ಕ ಬಿಟ್ಟರ ಅದು ಸುಲ್ಟಾ ಆಗ್ತದ. ಸೀಟಿನ ಹತ್ತಿರ ಬಂದು, ಕಾಲು ಹಿಂದಕ್ಕ ನೀರಿನ ಮ್ಯಾಲಕ್ಕ ಚಾಚಿ ಜೋರಾಗಿ ಬಡಿ. ಕಾಲು ಬೋಟಿನ ಕೆಳಗ ಜೋತು ಬಿದ್ದರ ಏನ್ ಮಾಡಿದ್ರೂ ಏರಂಗಿಲ್ಲ. ಹೊಟ್ಟಿ ಬೋಟಿನ ಅಡ್ಡ ಬೀಳೋ ತನಕ ಬಡಿ. ಬಿದ್ದಮ್ಯಾಲ ಅವಸರ ಮಾಡಬ್ಯಾಡ. ಹೊಟ್ಟಿ, ಆಮ್ಯಾಲ ಕುಂಡಿ, ಆಮ್ಯಾಲ ಕಾಲು. ಎದ್ದು ಕೂಡ್ಲಾಕ ನೋಡಿದವ ಮತ್ತ ಆ ಕಡಿ ಬೀಳ್ತಾನ.

ಓದಲಾಕ ಹಗುರ. ಡ್ರೈಸೂಟ್, ಜಾಕೆಟ್, ಜಾಕೆಟ್ ಕಿಸೆದಾಗ ಇಕ್ಕಳ, ರೇಡಿಯೋ ಇಟ್ಕೊಂಡು ಮಾಡು, ಎದೀ ಮ್ಯಾಲಿನ ಕಿಸೆ ಅಂಚಿಗಿ ಸಿಗಬೀಳ್ತದ. ಅದಕ್ಕ ಏನ್ ಹಾಕ್ಕೊಂಡು ಹೋಗ್ತೀದಿ ಅದೇ ಹಾಕ್ಕೊಂಡು ಕಲೀಬೇಕು.

ಭೀಮಾದಂಡಿ
ಅಣ್ಣಾ, ಹೋಗೋದಕ್ಕ ಮೊದಲ ಇಲ್ಲೇ ಕಲೀಬಹುದೇನು? ಬೀದರದಾಗ ಗೆಳೆಯನ ಹತ್ತಿರ ಕಾಯಕ್ ಅದ, ಕಾರಂಜಾ ಹಿನ್ನೀರಿನಾಗ ಇಳಿಸೋಣ ಅಂತಾನ.

ಹುಣಸಗಿ ಮಾಸ್ತರ
ಕಲೀರಿ, ಆದ್ರ ಕೇಳಿ ಇಳೀರಿ. ಜಲಾಶಯದ ಮೀನಿನ ಹಕ್ಕು ಸುಮ್ಮನ ಇರಂಗಿಲ್ಲ, ಮೀನುಗಾರಿಕೆ ಇಲಾಖೆ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರ್ತದ. ಗಾಳ ಇಲ್ಲದ ಬರೇ ಬೋಟ್ ಇಳಿಸಿದ್ರೂ ನೀರಾವರಿಯವ್ರ ಕಡಿ ಒಂದು ಮಾತು ಕೇಳೋದು ಛಲೋ. ಅಣೆಕಟ್ಟಿನ ಗೇಟಿನ ಹತ್ತಿರ ಯಾರನ್ನೂ ಬಿಡಂಗಿಲ್ಲ, ಬಿಡಲೂಬಾರದು. ನಮ್ಮ ನಾರಾಯಣಪುರದ ಬಸವಸಾಗರದ ಕೆಳಗಂತೂ ಬ್ಯಾಡೇ ಬ್ಯಾಡ. ಗೇಟ್ ಎತ್ತಿದ್ರ ಸೈರನ್ ಕೇಳಿ ದಂಡಿಗಿ ಬರೋ ಅಷ್ಟು ಹೊತ್ತು ಕಾಯಕ್‌ನವಗ ಸಿಗಂಗಿಲ್ಲ. ಕೃಷ್ಣಾದಾಗ ಮೊಸಳಿ ಬ್ಯಾರೆ ಅವ.

ಅಂಬಿಗರ ಓಣಿ
ಭೀಮಾನೂ ಹಂಗೇ. ಇಲ್ಲಿ ಮಳಿ ಇಲ್ಲ, ಬಿಸಿಲು ಅದ ಅಂತ ಹೊಳ್ಯಾಗ ಇರ್ತೀವಿ, ಆ ಕಡಿ ಮಹಾರಾಷ್ಟ್ರದ ಉಜ್ಜನಿಯಿಂದ ನೀರು ಬಿಟ್ಟಿರ್ತಾರ. ಆಗಸ್ಟ್‌ನಾಗ ಕಲೀತೀನಿ ಅಂದ್ರ ಹೊಳಿ ಬ್ಯಾಡ ತಮ್ಮಾ, ನಿಂತ ನೀರು ನೋಡು. ಇಲ್ಲಂದ್ರ ಊರಿನ ಈಜುಗೊಳದವ್ರನ್ನ ಕೇಳು.

ಬೀದರಿಂದ ಅಬರ್ಡೀನ್
ಈಜುಗೊಳ ಎಲ್ಲಾಕ್ಕಿಂತ ಛಲೋ. ಬೆಚ್ಚನ ನೀರಿನಾಗ ಮೈಗಿ ಹತ್ತಿದ್ದು ತಣ್ಣೀರಿನಾಗ ನೆನಪಿಗಿ ಬರ್ತದ, ತಣ್ಣೀರಿನಾಗೇ ಹೊಸದಾಗಿ ಕಲಿಯೋದು ಆಗಂಗಿಲ್ಲ. ಇಲ್ಲಿಗಿ ಬಂದಮ್ಯಾಲ ಯೂನಿವರ್ಸಿಟಿ ಕನೂ (ಹುಟ್ಟು ಹಾಕೋ ದೋಣಿ) ಕ್ಲಬ್ ಸೇರು, ಚಳಿಗಾಲಪೂರ್ತಿ ಒಳಾಂಗಣ ಪೂಲ್‌ನಾಗ ಕಲಿಸೋ ಕ್ಲಬ್ ಅವ. ನೀ ಬರೋ ಸೆಪ್ಟೆಂಬರ್‌ನಾಗ ನೀರು ಇದ್ದುದ್ರಾಗ ಬೆಚ್ಚಗ ಇರೋದು ಖರೆ, ಆದ್ರ ಹಗಲು ದಿನಾ ಕಡಿಮಿ ಆಗ್ತಿರ್ತದ, ಬಿರುಗಾಳಿ ಸುರುವಾಗ್ತಾವ. ಡಿಸೆಂಬರ್‌ನಾಗ ಮುಂಜಾನಿ ಪೌಣೆ ಒಂಬತ್ತಕ್ಕ ಸೂರ್ಯ ಹುಟ್ಟಿ ಮಧ್ಯಾಹ್ನ ಸಾಡೇ ಮೂರಕ್ಕ ಮುಳುಗಿರ್ತಾನ. ಮೊದಲ ವರ್ಷ ಚಳಿಗಾಲದಾಗ ಗಾಳ ದಂಡಿ ಮ್ಯಾಲಿಂದೇ ಹಾಕು, ಕಾಯಕ್ ಬ್ಯಾಸಗಿಗಿ ಇಳಿಸು.

ಯಾದಗಿರಿ ಟು ಕಾರವಾರ
ನಾ ನೌಕರಿ ಮ್ಯಾಲ ಕಾರವಾರದಾಗ ಇದ್ದೀನಿ. ಸಮುದ್ರ ಒಮ್ಮಿ ನೋಡ್ಬೇಕಂದ್ರ ಅಲ್ಲಿಗಿ ಹೋಗೋ ಮೊದಲ ಇಲ್ಲಿಗಿ ಬಾ. ನೀರು ಬೆಚ್ಚಗ, ಚಳಿಯ ಮಾತೇ ಇಲ್ಲ. ಆದ್ರ ಅಲಿ ಅಂದ್ರ ಏನು, ಭರತ ಇಳಿತ ಅಂದ್ರ ಏನು ಕಣ್ಣಿಗಿ ಬೀಳ್ತದ. ಮಳಿಗಾಲದಾಗ ಮಾತ್ರ ಬರಬ್ಯಾಡ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳೇ ಕಡಲಿಗಿ ಇಳಿಯಂಗಿಲ್ಲ, ನಿಷೇಧ. ಕೆರಿ ಮೀನು ಹಿಡಿದವ್ರಿಗಿ ಹೊಸದು ಇದೇ, ನೀರು ತಾನೇ ನಡೀತದ ಅನ್ನೋದು.

ಹುಣಸಗಿ ಮಾಸ್ತರ
ಭರತದ ಲೆಕ್ಕ ನಾ ಹೇಳ್ತೀನಿ, ಮ್ಯಾಥ್ಸ್ ಕಲಿಸಿ ಕಲಿಸಿ ಚಟ ಆಗ್ಯದ. ಇಳಿತದಿಂದ ಭರತಕ್ಕ ಸುಮಾರು ಆರು ತಾಸು. ಆ ಆರು ತಾಸು ನೀರು ಒಂದೇ ಸಮ ಏರಂಗಿಲ್ಲ. ಒಟ್ಟು ಏರಿಕಿ ಹನ್ನೆರಡು ಪಾಲು ಮಾಡ್ರಿ: ಮೊದಲ ತಾಸು 1 ಪಾಲು, ಎರಡನೇದು 2, ಮೂರನೇದು 3, ನಾಲ್ಕನೇದು 3, ಐದನೇದು 2, ಆರನೇದು 1. ಅಬರ್ಡೀನ್‌ನಾಗ ಅಮಾಸಿ, ಹುಣ್ಣಿವಿ ಆಸುಪಾಸು 3.6 ಮೀಟರ್ ಅಂತ ಹಿಡೀರಿ. ಮೊದಲ ತಾಸಿಗಿ 30 ಸೆಂಟಿಮೀಟರ್, ಮೂರನೇ ತಾಸಿಗಿ 90. ಅಂದ್ರ ನಡುವಿನ ಎರಡು ತಾಸಿನಾಗ ಅರ್ಧಾ ನೀರು ಓಡಿ ಮುಗಸ್ತದ. ಸೆಳವೂ ಸಾಮಾನ್ಯಕ್ಕ ಆಗಲೇ ಜೋರು. ನೀರು ಅತ್ತಿತ್ತ ಆಗದೇ ನಿಂತಿರೋ ಹೊತ್ತು ನೋಡಿ ಹೋದವ ಶಾಣ್ಯಾ. ಅಮಾಸಿ ನೋಡಿ ಬಿತ್ತೋ ಊರಿನವ್ರಿಗಿ ಇದೇನು ಕಷ್ಟ ಅಲ್ಲ.

ಬೀದರಿಂದ ಅಬರ್ಡೀನ್
ಮಾಸ್ತರ್, ಬರೋಬ್ಬರ. ಇದಕ್ಕ ಗಾಳಿ ಸೇರಸ್ರಿ. ಅಬರ್ಡೀನ್ ಇರೋದು ಪೂರ್ವ ದಂಡಿಗಿ, ಇಲ್ಲಿ ಹೆಚ್ಚು ಬೀಸೋದು ಪಶ್ಚಿಮ, ನೈಋತ್ಯದ ಗಾಳಿ. ಅಂದ್ರ ನೆಲದಿಂದ ಸಮುದ್ರದ ಕಡಿ. ಮೋಸ ಇಲ್ಲೇ ಅದ: ದಂಡಿ ಮ್ಯಾಲ ನಿಂತು ನೋಡಿದ್ರ ಗುಡ್ಡದ ಮರೀಗಿ ನೀರು ಕನ್ನಡಿಯಾಗಿರ್ತದ, ಹೋಗೋವಾಗ ಹುಟ್ಟು ಹಾಕೋದೇ ಬ್ಯಾಡ, ಬೋಟ್ ತಾನೇ ಓಡ್ತದ. ಮರಿ ಮುಗಿದ ಕೂಡ್ಲೇ ಗಾಳಿ ಪೂರಾ ಹಿಡೀತದ, ವಾಪಸ್ ತಿರುಗಿದ್ರ ಹುಟ್ಟು ಹಾಕಿದ್ರೂ ದಂಡಿ ಹತ್ತಿರ ಬರಂಗಿಲ್ಲ. ಆ ಕಡಿ ಮುಂದ ಸಿಗೋದು ನಾರ್ವೆ. ಆ ಗಾಳಿ ಇದ್ದ ದಿನ ಮನ್ಯಾಗ ಇರು. ಬೇರೆ ದಿಕ್ಕಿನ ಗಾಳಿ ಇದ್ರೂ ಹೊಸಬರಿಗಿ ಗಾಳಿಯ ಜೋರು ಅಳೆಯೋ ಬ್ಯೂಫೋರ್ಟ್ ಅಳತಿಯಾಗ 3ರ ಮ್ಯಾಲ ಬ್ಯಾಡ, ತಾಸಿಗಿ 12ರಿಂದ 19 ಕಿಲೋಮೀಟರ್ ಅಂದ್ರ ಅದು. ಗಾಳಿ ಒಂದು ಕಡಿ, ಸೆಳವು ಎದುರು ಕಡಿ ಇದ್ರ ಅಲಿ ಮೋಟಾಗಿ ಕಡಿದಾಗಿ ಏಳ್ತಾವ, ಅದೇ ಗಾಳಿ ಸೆಳವಿನ ಜೋಡಿ ಇದ್ದಾಗ ಗೊತ್ತೇ ಆಗಿರಂಗಿಲ್ಲ.

ಪೂರ್ವದ ಗಾಳಿ ಸುರಕ್ಷಿತ ಅನ್ಕೋಬ್ಯಾಡ. ವಸಂತ, ಬ್ಯಾಸಗಿಯಾಗ ಅದು ಸಮುದ್ರದ ಮ್ಯಾಲಿಂದ ಮಂಜು ತರ್ತದ, ಇಲ್ಲಿ ಜನ ಹಾರ್ ಅಂತಾರ. ಬಿಸಿಲು ಇದ್ದಂಗೇ ಇರ್ತದ, ಸ್ವಲ್ಪ ಹೊತ್ತಿನಾಗ ನಿನ್ನ ರಾಡಿನ ತುದಿ ಆಚಿ ಏನೂ ಕಾಣಂಗಿಲ್ಲ. ಅದಕ್ಕ ದಿಕ್ಸೂಚಿ ಇರ್ಬೇಕು, ದಂಡಿ ಯಾವ ದಿಕ್ಕಿಗದ ಅಂತ ಹೊಂಡೋ ಮೊದಲೇ ನೋಡ್ಕೊಂಡಿರ್ಬೇಕು.

ಜಾಗ: ಅಬರ್ಡೀನ್ ಬಂದರದ ಬಾಯಾಗ ಹೋಗಬ್ಯಾಡ, ಆಯಿಲ್ ಕಂಪನಿಗಳ ಹಡಗ ಹಗಲೂ ರಾತ್ರಿ ಓಡಾಡ್ತಾವ. ಡಾನ್ ನದಿ ಸಮುದ್ರಕ್ಕ ಸೇರೋ ಕಡಿನೂ ಬ್ಯಾಡ, ಹೊರಗ ಬರೋ ಹೊಳಿನೀರು, ಒಳಗ ಬರೋ ಅಲಿ ಅಲ್ಲಿ ಜಗಳಾಡ್ತಾವ. ದಕ್ಷಿಣಕ್ಕ ಸ್ಟೋನ್‌ಹೇವನ್ ಕೊಲ್ಲಿ ಅದ, ಅಲ್ಲಿ ಯಾರಾದರೂ ಅನುಭವಸ್ಥರ ಜೋಡಿ ಸುರು ಮಾಡು.

ಭೀಮಾದಂಡಿ
ಒಬ್ಬನೇ ಹೋಗಂಗಿಲ್ಲ, ಖಾತ್ರಿ. ಆದ್ರ ಏನಾದ್ರೂ ಆದ್ರ ಯಾರಿಗಿ ಕರೀಬೇಕು? ಮೊಬೈಲ್ ಸಾಕೇನು?

ಯಾದಗಿರಿ ಟು ಕಾರವಾರ
ನಮ್ಮ ಕಡಲಾಗ ಆದ್ರ ಕೋಸ್ಟ್ ಗಾರ್ಡ್ 1554. ರೇಡಿಯೋ ಇದ್ದವ್ರಿಗಿ ವಿಎಚ್‌ಎಫ್ ಚಾನೆಲ್ 16, ಅದು ಜಗತ್ತಿನಾಗ ಎಲ್ಲಾ ಕಡಿ ಒಂದೇ.

ಬೀದರಿಂದ ಅಬರ್ಡೀನ್
ಇಲ್ಲಿ ಫೋನಿನಾಗ 999, ಕೋಸ್ಟ್‌ಗಾರ್ಡ್ ಬೇಕು ಅಂತ ಹೇಳ್ಬೇಕು. ಅವರು ಕಳಿಸೋ ದೋಣಿ ಹೆಚ್ಚಿಗಿ ಆರ್‌ಎನ್‌ಎಲ್‌ಐದು, 1824ರಾಗ ಸುರುವಾದ ದಾನದ ಸಂಸ್ಥೆ, ಸಿಬ್ಬಂದಿ ಬಹುತೇಕ ಸ್ವಯಂಸೇವಕರು. ಮೊಬೈಲ್ ನೀರು ಹೋಗದ ಚೀಲದಾಗ ಇರಲಿ, ಆದ್ರ ಹಸಿ ಬೆರಳಿಗಿ ಸ್ಕ್ರೀನ್ ಕೇಳಂಗಿಲ್ಲ, ಬಂಡಿಗಲ್ಲಿನ ಕೆಳಗ ಸಿಗ್ನಲ್ ಇರಂಗಿಲ್ಲ. ಕೈಯಾಗ ಹಿಡಿಯೋ ವಿಎಚ್‌ಎಫ್ ತಗೋ, ಅದನ್ನ ಬಳಸ್ಲಾಕ ಇಲ್ಲಿ ಸಣ್ಣ ಕೋರ್ಸ್, ಸರ್ಟಿಫಿಕೇಟ್ ಅದ. ರೊಕ್ಕ ಇದ್ರ ಪಿಎಲ್‌ಬಿ, ಅಂದ್ರ ನೀ ಎಲ್ಲಿದ್ದೀದಿ ಅಂತ ತಿಳಿಸೋ ಸಣ್ಣ ಸಾಧನ: ಗುಂಡಿ ಒತ್ತಿದ್ರ 406 ಮೆಗಾಹರ್ಟ್ಸ್‌ನಾಗ ಉಪಗ್ರಹಕ್ಕ ಸುದ್ದಿ ಹೋಗ್ತದ. ನಿನ್ನ ಹೆಸರಿಗಿ ನೋಂದಾಯಿಸು, ಫ್ರೀ ಅದ.

ಇವೆಲ್ಲಾ ಜಾಕೆಟ್‌ಗಿ ಕಟ್ಟಿರ್ಬೇಕು, ಬೋಟಿಗಲ್ಲ. ಗಾಳ್ಯಾಗ ಖಾಲಿ ಬೋಟ್ ನಿನ್ನ ಬಿಟ್ಟು ಓಡಿದ್ರ ರೇಡಿಯೋನೂ ಅದರ ಜೋಡಿ ಹೋಗ್ತದ. ಮನಿ ಮಂದಿಗಿ ಎಲ್ಲಿ ಇಳೀತೀನಿ, ಎಷ್ಟಕ್ಕ ಬರ್ತೀನಿ, ಎಷ್ಟರ ತನಕ ಬರದಿದ್ರ 999ಕ್ಕ ಹಚ್ಚಬೇಕು, ಬರೆದು ಕೊಟ್ಟು ಹೋಗು.

ಅಂಬಿಗರ ಓಣಿ
ಹಗ್ಗದ ಮಾತು ಯಾರೂ ಆಡ್ಲಿಲ್ಲ. ನಮ್ಮಲ್ಲಿ ಬಲಿ ಬಿಡೋ ಮುಂದ ಕಾಲ ಹತ್ತಿರ ಹಗ್ಗ ಸುತ್ತಿಕೊಂಡು ಬಿದ್ದಿದ್ರ ಅಜ್ಜ ಬೈತಿದ್ದ. ಕಾಯಕ್‌ನಾಗ ಲಂಗರು ಹಾಕ್ತಾರೇನು?

ಬೀದರಿಂದ ಅಬರ್ಡೀನ್
ಅಜ್ಜನ ಮಾತು ಇಲ್ಲಿಗೂ ಲಾಗೂ. ಮೊದಲ ವರ್ಷ ಲಂಗರೇ ಬ್ಯಾಡ ಅಂತೀನಿ. ಸೆಳವಿನಾಗ ಬೋಟಿನ ಬಗಲಿಗಿ ಲಂಗರು ಕಟ್ಟಿದ್ರ ನೀರು ಅಡ್ಡ ಬಡಿದು ಬೋಟ್ ಮಗಚ್ತದ, ಹಗ್ಗ ಮುಂದಿನ ಇಲ್ಲಾ ಹಿಂದಿನ ತುದಿಗೇ ಇರ್ಬೇಕು, ಒಂದೇ ಜಗ್ಗಿಗಿ ಬಿಚ್ಚಬೇಕು, ಬಿಟ್ಟ ಹಗ್ಗಕ್ಕ ತೇಲೋ ಬುರುಡಿ ಇರ್ಬೇಕು. ಜಾಕೆಟ್ ಎದಿ ಮ್ಯಾಲ ಮೊಂಡ ತುದಿಯ ಚಾಕು ಇರಲಿ. ಹುಟ್ಟಿಗಿ, ರಾಡಿಗಿ ದಾರ ಕಟ್ಟೋದು ಛಲೋ, ಆದ್ರ ಅಲಿ ಒಡೆಯೋ ದಂಡಿಗಿ ಇಳಿಯೋ ಮೊದಲ ಎಲ್ಲಾ ಬಿಚ್ಚಿ, ರಾಡು ಮಲಗಿಸಿ ಕಟ್ಟು.

ಈಗ ಮೀನು. ಬ್ಯಾಸಗಿಯಾಗ ಮ್ಯಾಕರೆಲ್, ಅಂದ್ರ ನಮ್ಮ ಕರಾವಳಿಯ ಬಂಗುಡೆಯ ಸಂಬಂಧಿಕ. ಬಂಡಿಗಲ್ಲು, ಕಡಲಪಾಚಿ ಇರೋ ಕಡಿ ಪೊಲ್ಲಾಕ್. ಸಮುದ್ರದಾಗ ರಾಡಿನಿಂದ ಇವನ್ನ ಹಿಡೀಲಾಕ ಸ್ಕಾಟ್ಲೆಂಡ್‌ನಾಗ ಲೈಸೆನ್ಸ್ ಬೇಕಾಗಿಲ್ಲ. ಸಾಲ್ಮನ್‌ಗಿ ಕಾನೂನು ಬ್ಯಾರೆ, ಬಿದ್ದರೂ ಬಿಟ್ಟುಬಿಡು. ಮ್ಯಾಕರೆಲ್‌ಗಿ ಪುಕ್ಕ ಕಟ್ಟಿದ ಗಾಳದ ಸರ ಸಿಗ್ತದ, ಒಂದರಾಗ ಆರು ಗಾಳ. ಅದನ್ನ ಅರ್ಧಕ್ಕ ಕತ್ತರಿಸು. ಆರು ಮೀನು ಒಮ್ಮೆಲೇ ತೊಡಿ ಮ್ಯಾಲ ಒದ್ದಾಡ್ಲತ್ತಿದ್ರ ಒಂದು ಗಾಳ ಡ್ರೈಸೂಟಿಗಿ ಹೋಗ್ತದ, ಇನ್ನೊಂದು ಕೈಗಿ. ಗಾಳದ ತುದಿ ಹತ್ತಿರದ ಹಿಮ್ಮುಳ್ಳು ಇಕ್ಕಳದಿಂದ ಒತ್ತಿ ಮೊಂಡ ಮಾಡಿದ್ರ ಇನ್ನಾ ಛಲೋ.

ಐಸಿಯು ಅಕ್ಕ
ಒಂದು ಬಿಟ್ಟಿದ್ದೆ. ಜೋಡಿದಾರನ್ನ ನೀರಿನಿಂದ ಎತ್ತಿದ ಮ್ಯಾಲ ನಿಲ್ಲಿಸಬ್ಯಾಡ್ರಿ, ನಡೆಸಬ್ಯಾಡ್ರಿ. ನೀರಿನ ಒತ್ತು ಹೋದಕೂಡ್ಲೇ ಬಿಪಿ ಕುಸಿದು ದಂಡಿ ಮ್ಯಾಲೇ ಬೀಳ್ಬಹುದು. ಮಲಗಿಸಿ, ಹಸಿ ಬಟ್ಟಿ ತೆಗೀರಿ, ಒಣ ಹೊದಿಕಿ, ಟೊಪ್ಪಿಗಿ, ಗಾಳಿಗಿ ಮರಿ. ಕೈಕಾಲು ತಿಕ್ಕೋದು ಬ್ಯಾಡ, ಸೆರಿ ಒಟ್ಟ ಬ್ಯಾಡ. ಪೂರಾ ಎಚ್ಚರ ಇದ್ರ ಮಾತ್ರ ಬೆಚ್ಚನ ಸಿಹಿ ಚಹಾ. ನಡುಗ್ಲತ್ತಿದ್ರ ಅದು ಛಲೋ ಲಕ್ಷಣ. ಮೈ ತಣ್ಣಗೇ ಇದ್ದು ನಡುಕ ನಿಂತು, ಮಾತು ತೊದಲ್ಲತ್ತಿದ್ರ ಆಗ ಸಹಾಯಕ್ಕ ಕರೀಲಾಕ ತಡ ಮಾಡಬ್ಯಾಡ್ರಿ.

ಭೀಮಾದಂಡಿ
ಎಲ್ಲರಿಗೂ ಭಾಳ ಉಪಕಾರ. ಸೀನಿಯರ್ ಅಕ್ಕೋರಿಗಿ ಫೋನ್ ಮಾಡಿದ್ದೆ, ಅವರ ಹತ್ತಿರ ಹಳೆ ಡ್ರೈಸೂಟ್ ಸುದ್ದಾ ಅದಂತ, ಆದ್ರ ಎರಡು ವರ್ಷದಿಂದ ಕಪಾಟಿನಾಗ ಮಡಚಿ ಇಟ್ಟಾರ. ತಗೋಬಹುದೇನು?

ಬೀದರಿಂದ ಅಬರ್ಡೀನ್
ನೋಡದೇ ರೊಕ್ಕ ಕೊಡಬ್ಯಾಡ. ಕುತ್ತಿಗಿ, ಮಣಿಕಟ್ಟಿನ ಲೇಟೆಕ್ಸ್ ರಬ್ಬರ್ ಪಟ್ಟಿ ಜರಾ ಎಳದು ಬಿಸಿಲಿಗಿ ಹಿಡಿ, ಸಣ್ಣ ಬಿರುಕು ಕಂಡ್ರ ಇಲ್ಲಾ ಅಂಟಂಟು ಆಗಿದ್ರ ಪಟ್ಟಿ ಬದಲಿಸ್ಬೇಕು, ಅದು ರಿಪೇರಿ ಆಗೋ ಕೆಲಸ, ಅಷ್ಟು ಬೆಲಿ ಇಳಿಸ್ಕೋ. ಜಿಪ್ ಮಡಚಿದ ಕಡಿ ಹಲ್ಲು ಬಿಟ್ಟಿದ್ರ ಅಥವಾ ಸೀಳಿದ್ರ ಬ್ಯಾಡ, ಜಿಪ್ ಭಾಳ ತುಟ್ಟಿ. ಜಿಪ್ ಹಾಕಿ, ಒಂದು ಮಣಿಕಟ್ಟು, ಕುತ್ತಿಗಿ ಪಟ್ಟಿಗಿ ಬಾಟಲಿ ಸಿಕ್ಕಿಸಿ ಬಂದ್ ಮಾಡಿ, ಇನ್ನೊಂದು ಮಣಿಕಟ್ಟಿನಿಂದ ಗಾಳಿ ತುಂಬಿ ಅದನ್ನೂ ಕಟ್ಟು. ಹೊರಗ ಸಾಬೂನಿನ ನೀರು ಸವರು. ಗುಳ್ಳಿ ಎದ್ದ ಕಡಿ ತೂತು ಅದ, ಸೀಸಕಡ್ಡಿಯಿಂದ ಗುರುತು ಹಾಕ್ಕೋ. ಕಾಲುಚೀಲದ ಹಿಮ್ಮಡಿ ಕಡಿ ಮೊದಲ ನೋಡು, ಜನ ಉಸುಕಿನಾಗ ಬರಿಗಾಲಿಂದ ನಡದು ಅಲ್ಲೇ ತೂತು ಮಾಡಿರ್ತಾರ. ಮುಂಗಡ ಕೇಳಿದ್ರ ನನಗ ಮೆಸೇಜ್ ಹಾಕು, ಶನಿವಾರ ನಾನೇ ಹೋಗಿ ನೋಡಿ ಬರ್ತೀನಿ.